ಮೊದಲ ಕಡ್ಡಿ

ನವೆಂಬರ್ ೪

ಪ್ರೀತಿಯ ಅಕ್ಕ,

ನಿಮ್ಮ ಮನೆಗೆ ಇರುವುದು ಒಂದೇ ಫೋನು. ಅದು ಭಾವನ ಜೊತೆ ಬಾಟಲಿ ಕಾರ್ಖಾನೆಗೆ ಹೋಗಿ, ಗೇಟಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ಕೂರುತ್ತದೆ. ಕೈಗೆ ಸಿಕ್ಕಾಗಲೂ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಅದಕ್ಕೇ ಕಾಗದ. ನಾನು ಹೇಳಿ ಮುಗಿಸುವವರೆಗೆ ನೀನು ನಡುವೆ ಬಾಯಿ ಹಾಕಲಾರೆ.

ಮಕ್ಕಳ ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಹೊಸ ಕೆಲಸ ಸಿಕ್ಕಿದೆ. ಕೆಮ್ಮು, ಉಬ್ಬಸ ಎಂದು ಬರುವ ಪ್ರತಿ ಮಗುವಿನ ಮೂಗಿನಿಂದಲೂ ಎರಡು ಸ್ವಾಬ್ ಕಡ್ಡಿ ತೆಗೆಯುತ್ತೇವೆ. ಒಂದು ದೊಡ್ಡ ಮೆಷಿನ್‌ಗೆ. ಅದು ಮರುದಿನ ಉತ್ತರ ಕೊಡುತ್ತದೆ. ಇನ್ನೊಂದು ಅಂಗೈಯಲ್ಲಿ ಹಿಡಿಯುವಂಥ ಕಿಟ್‌ಗೆ. ತಾಯಿ ಮಗುವಿನ ಅಳು ನಿಲ್ಲಿಸುವಷ್ಟರಲ್ಲಿ ಅದರ ಉತ್ತರ ಬಂದಿರುತ್ತದೆ. ಎರಡು ಗೆರೆ ಮೂಡಿದರೆ ಪುಟ್ಟ ಮಕ್ಕಳ ಎದೆಗಿಳಿಯುವ ಆ ವೈರಸ್ ಇದೆ. ಒಂದೇ ಗೆರೆಯಾದರೆ ಇಲ್ಲ. ಎರಡರ ಉತ್ತರವೂ ಹೊಂದುತ್ತದೆಯೇ ಎಂದು ನೋಡುವವಳು ನಾನು.

ಇದರ ಮೇಲೆ ಎಷ್ಟು ನಿಂತಿದೆ ಎಂದು ನಿನಗೆ ಗೊತ್ತಾಗಬೇಕು. ದೊಡ್ಡ ಮೆಷಿನ್ ಇರುವುದು ದೊಡ್ಡ ಊರಿನಲ್ಲಿ. ಕೆಮ್ಮು ಮಾತ್ರ ನಿಮ್ಮ ಬಾಟಲಿ ಕಾಲೋನಿಗೂ ಬರುತ್ತದೆ. ಯಾರ ಮಗು ಎಲ್ಲಿ ಹುಟ್ಟಿತು ಎಂಬುದರ ಮೇಲೆ ಅದರ ಉಸಿರಿಗೆ ಬೆಲೆ ಕಟ್ಟುವವರು ಯಾರು? ಇದನ್ನು ನಾನು ಹಿಂದೆ ಕರಪತ್ರದಲ್ಲಿ ಬರೆದು ಕಳಿಸಿದಾಗ ನೀನು ನಕ್ಕಿದ್ದೆ. ಈಗ ನಗಬೇಡ. ಪರೀಕ್ಷಾರ್ಥವಾಗಿ ಕಿಟ್ ಕಳಿಸುವ ಸಣ್ಣ ಆರೋಗ್ಯ ಕೇಂದ್ರಗಳಲ್ಲಿ ನಿಮ್ಮ ಕಾಲೋನಿಯದನ್ನೂ ಸೇರಿಸಿ ಎಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ಹತ್ತಿರ ಹಟ ಹಿಡಿದೆ. ಸೇರಿಸಿದ್ದಾರೆ. ಎರಡು ಗೆರೆ ಬಂದ ಹಸುಗೂಸನ್ನು ಅಲ್ಲಿಯ ನರ್ಸ್ ಕೂಡಲೇ ಇಲ್ಲಿಗೆ ಕಳಿಸಬೇಕು. ಒಂದೇ ಗೆರೆ ಬಂದರೆ ಮನೆಗೆ ಹೋಗಬಹುದು.

ನಿನ್ನ ಪುಟ್ಟ ಪೀಪಿ ಹೇಗಿದ್ದಾಳೆ? ಅವಳ ಮೂಗನ್ನು ನೀನಿನ್ನೂ ಕನ್ನಡಿಯ ಹಾಗೆ ಉಜ್ಜಿ ಹೊಳೆಸುತ್ತಿದ್ದೀಯಾ?

ನಿನ್ನ,
ತಂಗಿ


ನವೆಂಬರ್ ೧೩

ನಮ್ಮ ಮನೆಯ ಭಾಷಣಕ್ಕೆ,

ನಿನ್ನ ಕಾಗದ ಬಂತು. ಊರು ಉದ್ಧಾರ ಮಾಡುವುದೆಲ್ಲ ಸರಿ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಆ ಸಾಲು ಮಾತ್ರ ಎಲ್ಲೂ ಕಾಣಲಿಲ್ಲ.

ನಿಮ್ಮ ಕಿಟ್ಟಿನ ಡಬ್ಬಗಳು ಬಂದಿವೆ. ಆರೋಗ್ಯ ಕೇಂದ್ರದ ನರ್ಸ್ ಗೋಡೆಗೆ ಚಿತ್ರ ಅಂಟಿಸಿದ್ದಾರೆ: ಎರಡು ಗೆರೆಯ ಪಕ್ಕ ಅಳುವ ಮುಖ, ಒಂದು ಗೆರೆಯ ಪಕ್ಕ ನಗುವ ಮುಖ. ನಿನ್ನ ಭಾವ ಅದನ್ನು ನೋಡಿ ಬಂದು, "ನಿನ್ನ ತಂಗಿ ಕೊನೆಗೂ ಏನೋ ಕಳಿಸಿದಾಳೆ, ಕರಪತ್ರ ಅಲ್ಲ," ಅಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಪೀಪಿಗೆ ಎಂಟನೇ ತಿಂಗಳು. ಹೆಸರಿಟ್ಟವಳು ನೀನೇ, ಅನುಭವಿಸುವವರು ನಾವು. ಬೆಳಿಗ್ಗೆ ಅವಳು ಊದಲು ಶುರು ಮಾಡಿದರೆ ಪಕ್ಕದ ಮನೆಯವರು ಎದ್ದು ಒಲೆ ಹಚ್ಚುತ್ತಾರೆ. ಇಲ್ಲಿ ಒಂದು ಗೋಡೆಗೆ ಎರಡು ಮನೆ. ಅವರ ಕೆಮ್ಮು ನಮಗೆ ಕೇಳುತ್ತದೆ, ನಮ್ಮ ಜಗಳ ಅವರಿಗೆ. ಈಚೆಗೆ ಕೆಮ್ಮೇ ಜಾಸ್ತಿ. ನಮ್ಮ ಮನೆಸಾಲಿನ ಆ ತುದಿಯ ಎರಡು ಮಕ್ಕಳಿಗೆ ಹತ್ತಿದೆ.

ಮೂಗು ಉಜ್ಜುವ ವಿಷಯ ಎತ್ತಿದ್ದೀಯ. ಅಮ್ಮ ಹೋದ ಮೇಲೆ ನಿನ್ನ ಮೂಗನ್ನೂ ಉಜ್ಜಿದವಳು ನಾನೇ. ಸಿಂಬಳ ಸುರಿಸುವ ಮಗುವನ್ನು ಎತ್ತಿಕೊಂಡು ನಾಲ್ಕು ಜನರ ಮುಂದೆ ಹೋಗುವವಳು ನಾನಲ್ಲ. ಬೇಕಿದ್ದರೆ ಇದರ ಮೇಲೂ ಒಂದು ಕರಪತ್ರ ಬರೆ.

ಇಂತು,
ನಿನ್ನ ಅಕ್ಕ


ಡಿಸೆಂಬರ್ ೨

ಅಕ್ಕ,

ಹೊಂದುತ್ತಿದೆ. ದಿನವೂ ಹೊಂದುತ್ತಿದೆ. ಕಿಟ್ ಇದೆ ಎಂದರೆ ಮರುದಿನ ಮೆಷಿನ್ನೂ ಇದೆ ಎನ್ನುತ್ತದೆ, ಇಲ್ಲವೆಂದರೆ ಇಲ್ಲ. ಅಪರೂಪಕ್ಕೆ ಒಂದು ಮಗುವಿನ ವಿಷಯದಲ್ಲಿ ಇಬ್ಬರೂ ಮುನಿಸಿಕೊಳ್ಳುತ್ತಾರೆ, ಅಷ್ಟೆ. ಕಿಟ್ ಎಂದರೆ ಆಟಿಕೆ ಎನ್ನುತ್ತಿದ್ದ ಹಿರಿಯ ಡಾಕ್ಟರು ಈಗ ನನ್ನ ಮೇಜಿನ ಹತ್ತಿರ ಬಂದಾಗ ಮೆಲ್ಲಗೆ ನಡೆಯುತ್ತಾರೆ. ಮೇಡಂ ಈ ಅಂಕಿಗಳನ್ನು ದೊಡ್ಡ ಸಭೆಗೆ ಕೊಂಡೊಯ್ಯಲಿದ್ದಾರೆ. ಅಲ್ಲಿ ಒಪ್ಪಿದರೆ ಎಲ್ಲ ಸಣ್ಣ ಊರುಗಳಿಗೂ ಕಿಟ್ ಹೋಗುತ್ತದೆ.

ಕೆಲಸದ ಪದ್ಧತಿ ಹಾಕಿಕೊಟ್ಟವಳು ನಾನು. ಮೊದಲ ಕಡ್ಡಿ ಕಿಟ್‌ಗೆ, ಎರಡನೆಯದು ಮೆಷಿನ್‌ಗೆ. ಸ್ವಾಬ್ ತೆಗೆಯುವ ನರ್ಸ್ ಯಾಕೆ ಎಂದು ಕೇಳಿದರು. ತಾಯಿ ಮಡಿಲಲ್ಲಿ ಮಗು ಇಟ್ಟುಕೊಂಡು ಕಾಯುತ್ತಾಳೆ, ಮೆಷಿನ್ ಕಾದರೆ ಅದಕ್ಕೇನು ಎದೆ ಹೊಡೆದುಕೊಳ್ಳುತ್ತದೆಯೇ ಎಂದೆ. ಅವರಿಗೆ ಅದು ಹಿಡಿಸಿತು. ಅಂದಿನಿಂದ ಎಲ್ಲರೂ ಹಾಗೆಯೇ ಮಾಡುತ್ತಾರೆ.

ನಿಮ್ಮ ಸಾಲಿನಲ್ಲಿ ಕೆಮ್ಮು ಇದೆ ಎಂದು ಬರೆದಿದ್ದೀಯ. ಪೀಪಿಗೆ ಸ್ವಲ್ಪ ಶೀತವಾದರೂ ನರ್ಸ್ ಹತ್ತಿರ ಹೋಗಿ ಕಿಟ್ ಮಾಡಿಸು. ಒಂದೇ ಗೆರೆ ಬಂದರೆ ನಿಶ್ಚಿಂತೆಯಿಂದ ನಿದ್ದೆ ಮಾಡು. ಜೀವನದಲ್ಲಿ ಒಂದು ಸಲ ನನ್ನ ಮಾತು ನಂಬು.

ನನಗೂ ಸ್ವಲ್ಪ ಗಂಟಲು ಕೆರೆತ. ಊಟ ಮಾಡುತ್ತಿದ್ದೇನೆ. ಸಾಲು ಕಂಡಿತೇ?

ನಿನ್ನ,
ಭಾಷಣ


ಡಿಸೆಂಬರ್ ೧೫

ತಂಗಿ,

ನಿನ್ನ ಮಾತು ನಂಬಿದೆ. ನೀನು ಕೇಳಿದ್ದು ಒಂದೇ ಸಲವಲ್ಲವೇ, ಅದು ಆಯಿತು.

ಪೀಪಿಗೆ ಶನಿವಾರದಿಂದ ಮೂಗು ಸೋರುತ್ತಿತ್ತು, ಸೋಮವಾರ ಕೆಮ್ಮು ಸೇರಿಕೊಂಡಿತು. ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಹೊರಡುವ ಮುಂಚೆ ಉಪ್ಪುನೀರಿನ ಹನಿ ಹಾಕಿ, ಹತ್ತಿಯಲ್ಲಿ ಎರಡೂ ಹೊಳ್ಳೆ ಸ್ವಚ್ಛ ಮಾಡಿ, ಒಗೆದ ಅಂಗಿ ತೊಡಿಸಿದೆ. ಬಾಗಿಲಿನ ಹತ್ತಿರ ಇನ್ನೊಂದು ಸಲ ಒರೆಸಿದೆ. ನರ್ಸ್ ನೋಡಿ, "ಎಷ್ಟು ನೀಟಾಗಿ ಇಟ್ಕೊಂಡಿದೀರಿ ಮಗೂನ," ಅಂದರು. ಕಡ್ಡಿ ಹಾಕಿದರು. ಪೀಪಿ ಮಾಡು ಹಾರುವ ಹಾಗೆ ಊದಿದಳು. ಒಂದೇ ಗೆರೆ. ಗೋಡೆಯ ನಗುವ ಮುಖ ತೋರಿಸಿ ಕಳಿಸಿದರು.

ನಿನ್ನ ಭಾವನಿಗೆ ಸಮಾಧಾನವಿಲ್ಲ. ಮಗು ಯಾಕೋ ಸರಿಯಿಲ್ಲ, ರಜಾ ಹಾಕುತ್ತೇನೆ, ದೊಡ್ಡ ಆಸ್ಪತ್ರೆಗೆ ಹೋಗೋಣ ಅಂದರು. ನಾನು ಬಿಡಲಿಲ್ಲ. ಆ ಗಾಳಿಯಲ್ಲಿ ಅಷ್ಟು ದೂರ, ಬಸ್ಸಿನ ತುಂಬ ಕೆಮ್ಮುವ ಜನ, ಬಂದ ಶೀತ ದೊಡ್ಡದಾಗುತ್ತದೆ. ನನ್ನ ತಂಗಿ ದಿನವೂ ಅದನ್ನೇ ನೋಡುವವಳು, ಅವಳಿಗಿಂತ ನಿಮಗೆ ಜಾಸ್ತಿ ಗೊತ್ತಾ ಎಂದು ಕೇಳಿಬಿಟ್ಟೆ. ಮುಖ ಊದಿಸಿಕೊಂಡು ಪಾಳಿಗೆ ಹೋದರು. ನಿನ್ನ ಹೆಸರು ಹಿಡಿದು ನಾನು ಅವರ ಮೇಲೆ ಗೆದ್ದದ್ದು ಇದೇ ಮೊದಲು.

ಇವತ್ತು ಪೀಪಿ ಅಷ್ಟು ಊದುತ್ತಿಲ್ಲ. ಪಕ್ಕದ ಮನೆಯವರೇ ಬಂದು, ಏನು ಸದ್ದಿಲ್ಲ ಎಂದು ಕೇಳಿ ಹೋದರು. ಹಾಲು ಕುಡಿಯುತ್ತಾ ಅರ್ಧಕ್ಕೇ ಬಿಟ್ಟು ಉಸಿರು ತೆಗೆದುಕೊಳ್ಳುತ್ತಾಳೆ, ಮತ್ತೆ ಬಾಯಿ ಇಡುತ್ತಾಳೆ, ಮತ್ತೆ ಬಿಡುತ್ತಾಳೆ. ಮೂಗು ಕಟ್ಟಿದರೆ ಹಾಗೆಯೇ ಅಲ್ಲವೇ. ಶೀತ ತಾನೇ. ನೀನೂ ಒಂದು ಸಾಲು ಬರೆದು ಹಾಕು, ಹಾಗೆಯೇ ಅಂತ.

ನಿನ್ನ ಅಕ್ಕ


ಡಿಸೆಂಬರ್ ೧೮

ಅಕ್ಕ,

ಈ ಕಾಗದ ತಂದವರು ನಿಮ್ಮ ಕಾರ್ಖಾನೆಗೆ ಖಾಲಿ ಕ್ರೇಟ್ ಒಯ್ಯುವ ಲಾರಿಯ ಡ್ರೈವರ್. ಅವರು ವಾಪಸ್ ಬರುವಾಗ ಪೀಪಿಯನ್ನು ಎತ್ತಿಕೊಂಡು ಅದೇ ಲಾರಿಯಲ್ಲಿ ಬಾ. ಉಳಿದದ್ದನ್ನು ದಾರಿಯಲ್ಲಿ ಓದು.

ಒಂದೇ ಗೆರೆಯನ್ನು ನಂಬಬೇಡ. ನಾನು ಹೇಳಿದ್ದನ್ನು ನಂಬಬೇಡ.

ನಿನ್ನ ಕಾಗದ ಈಗ ಮಧ್ಯಾಹ್ನ ಕೈಗೆ ಬಂತು. ಭಾವನಿಗೆ ಫೋನ್ ಮಾಡಿದೆ, ಗೇಟಿನ ಪೆಟ್ಟಿಗೆಯೊಳಗೆ ಅದು ಹೊಡೆದುಕೊಂಡು ಸುಮ್ಮನಾಗುತ್ತಿದೆ. ಆರೋಗ್ಯ ಕೇಂದ್ರಕ್ಕೆ ಇವತ್ತು ರಜೆ. ನಾನೇ ಲಾರಿ ಹತ್ತುತ್ತಿದ್ದೆ. ಆದರೆ ನನಗೆ ಕೆಮ್ಮು ಜೋರಾಗಿದೆ, ಕ್ಯಾಬಿನ್ನಿನಲ್ಲಿ ಪೀಪಿಯ ಪಕ್ಕ ಕೂತು ಬರಬಾರದು. ಇಲ್ಲಿ ಹಾಸಿಗೆಗೆ ಹೇಳಿಟ್ಟು ಗೇಟಿನಲ್ಲಿ ಕಾಯುತ್ತೇನೆ.

ಆದದ್ದು ಇಷ್ಟು. ನಮ್ಮ ಸ್ವಾಬ್ ನರ್ಸ್ ವಾರದಿಂದ ರಜೆ, ಬದಲಿಗೆ ಬೇರೊಬ್ಬರು ಬಂದರು. ಅವರು ಬಂದಲ್ಲಿಂದ ಕಿಟ್‌ಗಳು ಮೂಕವಾದವು. ಮೆಷಿನ್ ಇದೆ ಎಂದ ಎಷ್ಟೋ ಮಕ್ಕಳಿಗೆ ಕಿಟ್ ಇಲ್ಲ ಎಂದಿತ್ತು. ಹೊಸ ಡಬ್ಬ ಕೆಟ್ಟಿದೆ ಎಂದು ಸ್ಟೋರಿನವರ ಮೇಲೆ ಹರಿಹಾಯ್ದೆ. ಇವತ್ತು ನಿಂತು ನೋಡಿದೆ. ಈಕೆ ಮೊದಲ ಕಡ್ಡಿಯನ್ನು ಮೆಷಿನ್ನಿನ ಟ್ಯೂಬಿಗೆ ಹಾಕುತ್ತಿದ್ದರು. ಯಾಕೆ ಹಾಗೆ ಎಂದರೆ, "ದೊಡ್ಡ ಪರೀಕ್ಷೆಗೆ ಒಳ್ಳೇದನ್ನ ಮೊದ್ಲು ಕೊಡ್ಬೇಕಲ್ವಾ? ಎರಡನೇ ಸಲ ಮೂಗಲ್ಲಿ ಇನ್ನೇನು ಉಳಿದಿರುತ್ತೆ, ಮಣ್ಣು," ಅಂದರು.

ಮೊದಲ ಕಡ್ಡಿ ಸಿಂಬಳವನ್ನೆಲ್ಲ ಬಾಚಿಕೊಂಡು ಬರುತ್ತದೆ. ಉಳಿದ ಚೂರಿನಲ್ಲೂ ಮೆಷಿನ್ ವೈರಸ್ಸನ್ನು ಹುಡುಕಬಲ್ಲದು, ಕಿಟ್ ಹುಡುಕಲಾರದು. ಇಷ್ಟು ದಿನ ನಾನು ಕಿಟ್‌ಗೆ ತುಂಬಿದ ತಟ್ಟೆ, ಮೆಷಿನ್‌ಗೆ ತಟ್ಟೆ ತೊಳೆದ ನೀರು ಕೊಟ್ಟು, ಇಬ್ಬರೂ ಸಮ ಎಂದು ಸಾರಿದ್ದೇನೆ.

ಅದು ಅರ್ಥವಾಗಿ ನಿಂತಿದ್ದಾಗಲೇ ನಿನ್ನ ಕಾಗದ ಒಡೆದೆ. ಉಪ್ಪುನೀರು, ಹತ್ತಿ, ಎರಡೂ ಹೊಳ್ಳೆ, ಬಾಗಿಲಿನ ಹತ್ತಿರ ಇನ್ನೊಂದು ಸಲ. ಒರೆಸಿದ ಮೂಗಿನಲ್ಲಿ ಆ ಕಡ್ಡಿಗೆ ಏನೂ ಸಿಕ್ಕಿಲ್ಲ ಅಕ್ಕ. ನೀನು ಒರೆಸಬಾರದಿತ್ತು.

ಅಂಗಿ ಬಿಚ್ಚಿ ನೋಡು. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದೆಯೇ, ಮೂಗಿನ ಹೊಳ್ಳೆ ಅರಳುತ್ತದೆಯೇ, ತುಟಿಯ ಸುತ್ತ ಬಣ್ಣ ಹೇಗಿದೆ. ಬೇಡ, ನೋಡುತ್ತಾ ಕೂರಬೇಡ. ಲಾರಿ ಹತ್ತು.

ತಂಗಿ


ಡಿಸೆಂಬರ್ ೧೯

ಮಾನ್ಯ ಮೇಡಂ,

ನೀವು ಸಭೆಗೆ ಕೊಂಡೊಯ್ಯಲಿರುವ ಅಂಕಿಗಳನ್ನು ದಯವಿಟ್ಟು ಕೊಂಡೊಯ್ಯಬೇಡಿ. ನವೆಂಬರಿನಿಂದ ನಾವು ಮಾಡಿದ ಹೋಲಿಕೆ ನ್ಯಾಯವಾದ ಹೋಲಿಕೆಯಲ್ಲ. ಬದಲಿ ನರ್ಸ್ ಬರುವವರೆಗೆ ಪ್ರತಿ ಮಗುವಿನ ಮೊದಲ ಕಡ್ಡಿಯೂ ಕಿಟ್‌ಗೆ ಹೋಗಿದೆ. ಆ ಕ್ರಮ ಹಾಕಿಕೊಟ್ಟವಳು ನಾನು. ನಿನ್ನೆಯವರೆಗೆ ಅದು ತಾಯಂದಿರಿಗಾಗಿ ಎಂದು ಭಾವಿಸಿದ್ದೆ. ಕಿಟ್ ಗೆಲ್ಲಲಿ ಎಂಬ ಆಸೆ ನನ್ನ ಕಣ್ಣು ಕಟ್ಟಿತ್ತು ಎಂದು ಈಗ ತಿಳಿಯುತ್ತಿದೆ.

ಎರಡು ಕೆಲಸ ಇಂದೇ ಆಗಬೇಕು. ಒಂದೇ ಗೆರೆ ಬಂದರೆ ಮನೆಗೆ ಕಳಿಸಿ ಎಂದು ಸಣ್ಣ ಕೇಂದ್ರಗಳಿಗೆ ನಾವು ಕೊಟ್ಟ ಸೂಚನೆಯನ್ನು ಹಿಂದಕ್ಕೆ ಪಡೆಯಬೇಕು. ಏದುಸಿರು ಬಿಡುವ ಕೂಸನ್ನು ಗೆರೆ ಏನೇ ಹೇಳಲಿ ಇಲ್ಲಿಗೆ ಕಳಿಸಬೇಕು. ಆಮೇಲೆ ಹೋಲಿಕೆಯನ್ನು ಮೊದಲಿಂದ ಮಾಡಬೇಕು. ಯಾವ ಕಡ್ಡಿ ಯಾವುದಕ್ಕೆ ಎಂಬುದನ್ನು ಪ್ರತಿ ಮಗುವಿಗೂ ಚೀಟಿ ಎತ್ತಿ ತೀರ್ಮಾನಿಸಬೇಕು. ನನ್ನಂಥವರ ಒಳ್ಳೆಯ ಉದ್ದೇಶಕ್ಕೆ ಅದನ್ನು ಬಿಡಬಾರದು.

ಕಿಟ್ಟನ್ನು ಎಸೆಯಬೇಡಿ. ಎರಡು ಗೆರೆ ಬಂದಾಗ ಅದು ಹೇಳುವುದು ನಿಜವೇ ಇದೆ.

ನನ್ನನ್ನು ಈ ಕೆಲಸದಿಂದ ತೆಗೆಯುವುದಾದರೆ ನನ್ನ ತಕರಾರಿಲ್ಲ. ಬಾಟಲಿ ಕಾಲೋನಿಯಿಂದ ಎಂಟು ತಿಂಗಳ ಒಂದು ಮಗು ಬರಬೇಕಾಗಿದೆ. ನಿನ್ನೆ ಸಂಜೆಯಿಂದ ಗೇಟಿನಲ್ಲಿ ಕಾದೆ. ಇದನ್ನು ಬರೆಯುವವರೆಗೂ ಬಂದಿಲ್ಲ.

ತಮ್ಮ ವಿಧೇಯ,
ಲ್ಯಾಬ್ ಟೆಕ್ನಿಷಿಯನ್


ಡಿಸೆಂಬರ್ ೨೧, ವಾರ್ಡಿನಿಂದ

ಇದನ್ನು ಸ್ಯಾಂಪಲ್ ಟ್ರೇ ಒಯ್ಯುವ ಆಯಾ ಕೈಗೆ ಕೊಡುತ್ತಿದ್ದೇನೆ. ಲ್ಯಾಬಿನವರನ್ನು ಈ ವಾರ್ಡಿಗೆ ಬಿಡುವುದಿಲ್ಲವಂತೆ. ಒಳ್ಳೆಯದಾಯಿತು.

ಲಾರಿಯವರು ಬಾಗಿಲು ಬಡಿದಾಗ, ಮಗು ಈಗ ತಾನೇ ಸುಮ್ಮನಾಗಿದೆ ಎಂದು ಅವರನ್ನು ಬೈಯಲು ಎದ್ದೆ. ಅವರು, "ಅಮ್ಮ, ಕಾಗದ ಆಮೇಲೆ ಓದಿ, ಮೊದ್ಲು ಗಾಡಿ ಹತ್ತಿ. ಆ ಹುಡುಗಿ ನನ್ನ ಕಾಲು ಹಿಡಿಯೋದೊಂದು ಬಾಕಿ ಇತ್ತು," ಅಂದರು. ಆಗ ಅಂಗಿ ಎತ್ತಿ ನೋಡಿದೆ. ಸುಮ್ಮನಾಗಿದ್ದಾಳೆ ಎಂದುಕೊಂಡಿದ್ದೆ ನಾನು. ಅಳುವುದಕ್ಕೆ ಅವಳಲ್ಲಿ ಉಸಿರಿರಲಿಲ್ಲ.

ದಾರಿಯಲ್ಲಿ ಸೇತುವೆ ದುರಸ್ತಿ, ಸುತ್ತು ಹಾಕಿ ಬರಬೇಕಾಯಿತು. ಅದಕ್ಕೇ ತಡ. ಗೇಟಿನಲ್ಲಿ ನೀನು ಬಟ್ಟೆ ಕಟ್ಟಿಕೊಂಡ ಮುಖದಲ್ಲಿ ಓಡಿ ಬಂದೆ, ನಾನು ನಿಲ್ಲಲಿಲ್ಲ. ಈಗ ಅವಳ ತಲೆಯ ಸುತ್ತ ಪಾರದರ್ಶಕ ಡಬ್ಬ ಇಟ್ಟು ಅದರೊಳಗೆ ಗಾಳಿ ಬಿಟ್ಟಿದ್ದಾರೆ. ನಿಮ್ಮ ದೊಡ್ಡ ಮೆಷಿನ್ ವೈರಸ್ ಇದೆ ಎಂದಿತಂತೆ. ಡಾಕ್ಟರು ನೋಡೋಣ ಅಂದರು. ಡಾಕ್ಟರು ನೋಡೋಣ ಎಂದರೆ ಏನು ಅರ್ಥ? ನಿನಗೆ ಗೊತ್ತಿರಬೇಕು. ಹೇಳಬೇಡ.

ನಿನ್ನ ಕಾಗದದಲ್ಲಿ ಒಂದು ಸಾಲು ಇದೆ, ನೀನು ಒರೆಸಬಾರದಿತ್ತು ಅಂತ. ಅದನ್ನು ಲಾರಿಯಲ್ಲಿ ಓದಿದೆ, ಇಲ್ಲಿ ಕೂತು ಓದಿದೆ, ಈಗ ಓದುವ ಅಗತ್ಯವಿಲ್ಲ, ಬಾಯಿಪಾಠ ಆಗಿದೆ. ಈ ಕೈಯಲ್ಲೇ ನಿನ್ನ ಮೂಗು ಒರೆಸಿ ದೊಡ್ಡದು ಮಾಡಿದ್ದು. ಈ ಕೈ ನನ್ನ ಮಗುವಿಗೆ ಹೀಗೆ ಮಾಡಿತು ಎನ್ನುತ್ತೀಯ?

ನಿನ್ನ ಭಾವ ಬಂದಿದ್ದಾರೆ. ಬಂದವರೇ ನನ್ನ ಮುಂದೆ ಊಟದ ಡಬ್ಬ ಇಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಕಿಟಕಿಯ ಹತ್ತಿರ ಬಂದು ನಿಲ್ಲಬೇಡ.


ಡಿಸೆಂಬರ್ ೨೨

ಅಕ್ಕ,

ಕಿಟಕಿಯ ಹತ್ತಿರ ಬರುವುದಿಲ್ಲ. ಕೆಳಗೆ ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ಕೂರುತ್ತೇನೆ, ಅಲ್ಲಿಗೆ ವಾರ್ಡಿನ ಸದ್ದು ಕೇಳುತ್ತದೆ. ಎಲ್ಲ ಮಕ್ಕಳೂ ಅಳುತ್ತವೆ. ಅವುಗಳ ನಡುವೆ ಒಂದು ದನಿಗೆ ಕಿವಿ ಕೊಟ್ಟು ಕೂತಿದ್ದೇನೆ, ಅದು ಇನ್ನೂ ಬಂದಿಲ್ಲ.

ಆ ಸಾಲು ಬರೆದ ಕೈ ನನ್ನದು. ಹೆದರಿಕೆಯಲ್ಲಿ ಬರೆದೆ ಎಂದರೆ ತಪ್ಪಿಸಿಕೊಂಡಂತಾಗುತ್ತದೆ. ನನ್ನ ತಪ್ಪನ್ನು ಇಡಲು ಒಂದು ಜಾಗ ಬೇಕಿತ್ತು, ನಿನ್ನ ಅಂಗೈ ಸಿಕ್ಕಿತು.

ಮಗುವನ್ನು ಹೊರಗೆ ಕರೆದೊಯ್ಯುವ ಮುಂಚೆ ತಾಯಿ ಮೂಗು ಒರೆಸುತ್ತಾಳೆ. ಎಲ್ಲ ತಾಯಂದಿರೂ ಒರೆಸುತ್ತಾರೆ. ನಾನು ಅದೇ ಕೈಯಲ್ಲಿ ಬೆಳೆದವಳು, ನನಗೆ ಅದು ಗೊತ್ತಿರಬೇಕಿತ್ತು. ಒರೆಸಿದ ಮೂಗಿನಲ್ಲಿ ಕುರುಡಾಗುವ ಕಿಟ್‌ಗೆ ಕಣ್ಣಿದೆ ಎಂದು ಹೇಳಿ ಊರೂರಿಗೆ ಕಳಿಸಿದವಳು ನಾನು. ನಿನ್ನ ಕೈ ಯಾವತ್ತೂ ಮಾಡುವ ಕೆಲಸ ಮಾಡಿತು. ನಾನು ನನ್ನ ಕೆಲಸ ಮಾಡಲಿಲ್ಲ.

ಮೇಡಂ ನನ್ನ ಪತ್ರ ಓದಿ ಕರೆಸಿದರು. ನನ್ನೆದುರೇ ಅದನ್ನು ಇನ್ನೊಂದು ಸಲ ಓದಿದರು. ಆಮೇಲೆ, "ಇದನ್ನ ನೀನು ಹೇಳದೆ ಇದ್ದಿದ್ರೆ ನನಗೆ ಗೊತ್ತಾಗ್ತಾನೇ ಇರ್ಲಿಲ್ಲ, ಅದೇ ನನಗೆ ಭಯ," ಅಂದರು. ಸಣ್ಣ ಕೇಂದ್ರಗಳಿಗೆಲ್ಲ ಫೋನ್ ಹೋಗಿದೆ. ನಿಮ್ಮ ನರ್ಸ್ ಆ ನಗುವ ಮುಖವನ್ನು ಗೋಡೆಯಿಂದ ಕಿತ್ತಿದ್ದಾರಂತೆ. ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ, ತಿಳಿದಿಲ್ಲ.

ಉತ್ತರ ಬರೆಯಬೇಕೆಂದಿಲ್ಲ. ಟ್ರೇ ಬಂದಾಗಲೆಲ್ಲ ಅದರ ಅಡಿಯಲ್ಲಿ ಕೈಯಾಡಿಸಿ ನೋಡುವುದನ್ನು ಮಾತ್ರ ಬಿಡಲಾರೆ.

ತಂಗಿ


ಡಿಸೆಂಬರ್ ೨೯

ಅಕ್ಕ,

ನಿನ್ನೆ ಸಂಜೆ ಕಟ್ಟೆಯ ಹತ್ತಿರ ಕೂತಿದ್ದಾಗ ಮೇಲಿಂದ ಒಂದು ಅಳು ಬಂತು. ಸಣ್ಣದು, ನಡುವೆ ಕೆಮ್ಮು, ಮತ್ತೆ ಅಳು. ಕೊನೆಯಲ್ಲಿ ಎತ್ತರಕ್ಕೆ ಏರಿ ಸೀಳಿತು. ಬಟ್ಟೆ ಒಗೆಯುವಾಕೆ ಕತ್ತೆತ್ತಿ, ಯಾರಪ್ಪ ಇದು ಪೀಪಿ ಊದೋದು, ಅಂದರು. ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ನನ್ನ ಊಹೆಯಾಗಿದ್ದರೆ ಅದನ್ನು ಹಾಗೆಯೇ ಇರಗೊಡು, ಅಲ್ಲ ಎಂದು ಬರೆಯಬೇಡ.

ನನ್ನನ್ನು ತೆಗೆಯಲಿಲ್ಲ. ಹೋಲಿಕೆ ಮೊದಲಿಂದ ಶುರುವಾಗಿದೆ. ಈಗ ಚೀಲದಲ್ಲಿ ಎರಡು ಬಿಲ್ಲೆ, ಒಂದು ಬಿಳಿ, ಒಂದು ನೀಲಿ. ಬಿಳಿ ಬಂದರೆ ಮೊದಲ ಕಡ್ಡಿ ಕಿಟ್‌ಗೆ, ನೀಲಿ ಬಂದರೆ ಮೆಷಿನ್‌ಗೆ. ಎತ್ತುವವರು ತಾಯಂದಿರು. ಮಗುವಿನ ಮೂಗು ಒರೆಸಿ ತಂದಿದ್ದಾರೋ ಇಲ್ಲವೋ ಎಂದೂ ಕೇಳಿ ಬರೆದುಕೊಳ್ಳುತ್ತೇವೆ. ಒಬ್ಬ ತಾಯಿ ಇದೇನು ಲಾಟರಿಯಾ ಎಂದು ನಕ್ಕರು. ಗೆಲ್ಲಬೇಕಾದದ್ದು ಯಾವುದೆಂದು ಈ ಸಲ ನಾನು ಮೊದಲೇ ತೀರ್ಮಾನಿಸಿಲ್ಲ, ಅದಕ್ಕೇ ರಾತ್ರಿ ಹೆಚ್ಚು ಹೆದರಿಕೆ.

ಮನೆಗೆ ಬಿಡುವ ಮುಂಚೆ ನಿಮ್ಮ ವಾರ್ಡಿನ ಮಕ್ಕಳಿಂದಲೂ ಕಡ್ಡಿ ತೆಗೆಯುತ್ತಾರೆ. ಒಪ್ಪಿದವರದು ಮಾತ್ರ. ನಿನ್ನನ್ನು ಕೇಳಿ ಎಂದು ನಾನು ಯಾರಿಗೂ ಹೇಳಿಲ್ಲ, ಕೇಳಬೇಡಿ ಎಂದೂ ಹೇಳಿಲ್ಲ. ನರ್ಸ್ ಚೀಲ ಹಿಡಿದು ಬಂದರೆ ಬೇಡ ಅನ್ನು. ಆ ಪುಟ್ಟ ಮೂಗಿಗೆ ಸಾಕಾಗಿದೆ.

ತಂಗಿ


ಡಿಸೆಂಬರ್ ೩೧, ವಾರ್ಡಿನಿಂದ

ಭಾಷಣಕ್ಕೆ,

ಊಹೆಯಲ್ಲ. ಅವಳೇ. ಆ ಡಬ್ಬ ತೆಗೆದ ಕೂಡಲೇ ವಾರ್ಡಿನ ಬಾಕಿ ಮಕ್ಕಳನ್ನೆಲ್ಲ ಎಬ್ಬಿಸಿದಳು. ನಿನ್ನ ಭಾವ ಎಲ್ಲ ತಾಯಂದಿರ ಹತ್ತಿರವೂ ಹೋಗಿ ಕ್ಷಮೆ ಕೇಳುತ್ತಾ, ನಗುತ್ತಾ, ಕಣ್ಣು ಒರೆಸಿಕೊಳ್ಳುತ್ತಾ ಓಡಾಡಿದರು. ಹಾಲನ್ನು ಇನ್ನೂ ನಿಲ್ಲಿಸಿ ನಿಲ್ಲಿಸಿ ಕುಡಿಯುತ್ತಾಳೆ. ಅವಳು ನಿಲ್ಲಿಸಿದಾಗಲೆಲ್ಲ ನನ್ನ ಉಸಿರೂ ನಿಲ್ಲುತ್ತದೆ. ಇದು ಎಷ್ಟು ದಿನ ಇರುತ್ತದೋ ಗೊತ್ತಿಲ್ಲ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಒಂದು ಕಾಗದಕ್ಕೆ ಹೋಗುವಂಥದ್ದಲ್ಲ ಅದು.

ನರ್ಸ್ ಚೀಲ ತಂದರು. ನಾನೇ ಕೈ ಹಾಕಿದೆ, ನೀಲಿ ಬಂತು. ಅವರು ಕಡ್ಡಿ ಬಿಚ್ಚುವಷ್ಟರಲ್ಲಿ ಪೀಪಿಯ ಮೂಗಿನಿಂದ ಸಿಂಬಳ ಇಳಿದು ತುಟಿಯ ಮೇಲೆ ಬಂದಿತ್ತು. ವಾರ್ಡಿನ ತುಂಬ ಜನ. ನನ್ನ ಕೈ ತಾನಾಗಿ ಬಟ್ಟೆಯ ಕಡೆ ಹೋಯಿತು.

ಆ ಕೈಯನ್ನು ಹಿಡಿದುಕೊಂಡೆ. ಒರೆಸಿಲ್ಲ. ಎರಡೂ ಕಡ್ಡಿ ಈ ಟ್ರೇಯಲ್ಲಿವೆ, ಸರಿಯಾಗಿ ನೋಡು.

ನಿನ್ನ ಅಕ್ಕ